ಪ್ರಯೋಗಾಲಯದ ಇಲಿಗಳಲ್ಲಿ ಕಸಿ ಸಹಿಷ್ಣುತೆ: ಯಾವ ದಾರಿಯನ್ನು ಆರಿಸಿಕೊಳ್ಳಬೇಕು?

ಕಸಿ ಪ್ರತಿರಕ್ಷಾಶಾಸ್ತ್ರದ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ಸಂಶೋಧನಾ ವಿದ್ಯಾರ್ಥಿಗಳನ್ನು ಮೊದಲ ವರ್ಷದಲ್ಲಿ ಹೆಚ್ಚು ಕಾಡುವುದು ವಿಧಾನದ ಆಯ್ಕೆ. ದಾನಿಯ ಅಂಗಾಂಶವನ್ನು ಮಾತ್ರ ತನ್ನದೆಂಬಂತೆ ಒಪ್ಪಿಕೊಂಡು, ಬೇರೆಲ್ಲ ಪರಕೀಯ ಅಂಗಾಂಶಗಳನ್ನೂ ರೋಗಾಣುಗಳನ್ನೂ ಎಂದಿನಂತೆ ಎದುರಿಸುವ ಇಲಿಯನ್ನು ಸಿದ್ಧಪಡಿಸುವುದು ಗುರಿ; ಈ ಸ್ಥಿತಿಗೇ ಸಹಿಷ್ಣುತೆ ಎನ್ನುತ್ತಾರೆ. ಆ ಗುರಿಯತ್ತ ಕಳೆದ ಏಳು ದಶಕಗಳಲ್ಲಿ ಹಲವು ದಾರಿಗಳು ತೆರೆದುಕೊಂಡಿವೆ; ಒಂದಕ್ಕೆ ವಿಕಿರಣ ಯಂತ್ರ ಬೇಕು, ಇನ್ನೊಂದಕ್ಕೆ ದುಬಾರಿ ಪ್ರತಿಕಾಯ (ಆಂಟಿಬಾಡಿ) ಬೇಕು, ಮತ್ತೊಂದಕ್ಕೆ ಹುಟ್ಟಿದ ದಿನವೇ ಮರಿಯ ರಕ್ತನಾಳಕ್ಕೆ ಸೂಜಿ ಹಾಕುವ ಕೈಚಳಕ ಬೇಕು. ಪ್ರಕಟಿತ ಪ್ರಬಂಧಗಳನ್ನು ಒಂದೊಂದಾಗಿ ಓದಿದರೆ ಎಲ್ಲವೂ ಯಶಸ್ವಿಯಾದಂತೆ ಕಾಣುತ್ತವೆ. ಆದರೆ ಒಂದೊಂದರಲ್ಲೂ ತಳಿಗಳ ಜೋಡಿ ಬೇರೆ, ಕಸಿ ಮಾಡಿದ ಅಂಗಾಂಶ ಬೇರೆ, ಕಾದು ನೋಡಿದ ಅವಧಿ ಬೇರೆ. ಆದ್ದರಿಂದ ವಿಧಾನಗಳನ್ನು ಅಕ್ಕಪಕ್ಕ ಇಟ್ಟು ತೂಗುವ ಮೊದಲು ಯಾವ ತಕ್ಕಡಿಯಲ್ಲಿ ತೂಗುತ್ತೇವೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕಾಗುತ್ತದೆ.

ಕನ್ನಡದಲ್ಲಿ ‘ಇಲಿ’ ಎಂಬ ಒಂದೇ ಪದ ಎರಡು ಪ್ರಾಣಿಗಳಿಗೆ ಸಲ್ಲುವುದರಿಂದ, ಈ ಬರಹದಲ್ಲಿ ಚಿಕ್ಕದನ್ನು ಇಲಿ ಎಂದೂ ದೊಡ್ಡದನ್ನು ಪ್ರಯೋಗಾಲಯದ ರೂಢಿಯಂತೆ ರ‍್ಯಾಟ್ ಎಂದೂ ಕರೆದಿದ್ದೇನೆ. ಕಸಿಯನ್ನು ಪಡೆಯುವ ಪ್ರಾಣಿ ಗ್ರಾಹಿ; ಕೊಡುವುದು ದಾನಿ.

ಮೊದಲು ಅಳತೆಗೋಲುಗಳು

ಕಸಿ ಉಳಿದಿದೆ ಎಂದ ಮಾತ್ರಕ್ಕೆ ಸಹಿಷ್ಣುತೆ ಬಂದಿದೆ ಎನ್ನುವಂತಿಲ್ಲ. ಈ ಕ್ಷೇತ್ರದಲ್ಲಿ ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿಯೇ. ಔಷಧದ ಪ್ರಭಾವ ಇನ್ನೂ ದೇಹದಲ್ಲಿ ಉಳಿದಿರುವುದರಿಂದ, ಅಥವಾ ಕಸಿಯನ್ನು ಗುರುತಿಸಿ ತಿರಸ್ಕರಿಸುವ ಪ್ರತಿರಕ್ಷಾ ಕೋಶಗಳಾದ ಟಿ ಕೋಶಗಳ ಸಂಖ್ಯೆ ಕುಗ್ಗಿ ಇನ್ನೂ ತುಂಬಿಕೊಳ್ಳದಿರುವುದರಿಂದ ಕಸಿ ಉಳಿದಿರಬಹುದು. ಚಿಕಿತ್ಸೆ ನಿಂತು ಬಹುಕಾಲದ ಮೇಲೆ, ಸಾಮಾನ್ಯವಾಗಿ 100 ದಿನ ದಾಟಿದ ಮೇಲೆ, ಅದೇ ದಾನಿ ತಳಿಯ ಎರಡನೆಯ ಚರ್ಮವನ್ನೂ ಸಂಬಂಧವಿಲ್ಲದ ಮೂರನೆಯ ತಳಿಯ ಚರ್ಮವನ್ನೂ ಒಂದೇ ಇಲಿಯ ಮೈಮೇಲೆ ಹಾಕಿದಾಗ, ದಾನಿ ತಳಿಯದು ಉಳಿದು ಮೂರನೆಯ ತಳಿಯದು ತ್ವರಿತವಾಗಿ ಉದುರಬೇಕು. ನಿರ್ದಿಷ್ಟತೆಗೆ ಇದಕ್ಕಿಂತ ನೇರವಾದ ಸಾಕ್ಷಿ ಇಲ್ಲ. ಪರೀಕ್ಷಾನಳಿಕೆಯಲ್ಲಿ ದಾನಿಯ ಕೋಶಗಳೊಂದಿಗೆ ಗ್ರಾಹಿಯ ಲಿಂಫೋಸೈಟುಗಳನ್ನು (ಟಿ ಕೋಶಗಳೂ ಸೇರಿದ ಬಿಳಿ ರಕ್ತಕಣಗಳ ಒಂದು ಬಗೆ) ಬೆರೆಸಿ ನೋಡುವ ಪರೀಕ್ಷೆ ಸಹಾಯಕವಾದರೂ, ಅದರ ಉತ್ತರಕ್ಕೂ ಚರ್ಮದ ಉತ್ತರಕ್ಕೂ ಹೊಂದಿಕೆಯಾಗದ ಸಂದರ್ಭಗಳು ಸಾಕಷ್ಟಿವೆ. ಎರಡರಲ್ಲಿ ಒಂದನ್ನು ನಂಬಬೇಕಾದಲ್ಲಿ ನಾನು ಚರ್ಮವನ್ನೇ ನಂಬುತ್ತೇನೆ.

ಎರಡನೆಯ ಅಳತೆಗೋಲು ಅಂಗಾಂಶದ ಕಾಠಿಣ್ಯ. ಎಲ್ಲ ಅಂಗಾಂಶಗಳೂ ಸಮಾನವಾಗಿ ತಿರಸ್ಕೃತವಾಗುವುದಿಲ್ಲ. ಇಲಿಗಳಲ್ಲಿ ಯಕೃತ್ತಿನ ಕಸಿ ಯಾವ ಚಿಕಿತ್ಸೆಯೂ ಇಲ್ಲದೆ ಉಳಿಯುವುದುಂಟು. ಹಂದಿಗಳಲ್ಲಿ ಯಕೃತ್ತು ಸಹಿಷ್ಣುತೆಯನ್ನು ಹುಟ್ಟಿಸಬಲ್ಲದೆಂದು ಕೇಂಬ್ರಿಜ್‌ನ ರಾಯ್ ಕಾನ್ ಮತ್ತು ಸಂಗಡಿಗರು 1969ರಲ್ಲೇ ತೋರಿಸಿದ್ದರು. ಮೂತ್ರಪಿಂಡ ಅದಕ್ಕಿಂತ ಕಷ್ಟ, ಹೃದಯ ಇನ್ನೂ ಕಷ್ಟ, ಚರ್ಮ ಎಲ್ಲಕ್ಕಿಂತ ಕಷ್ಟ. ಹೃದಯದ ಕಸಿಯಲ್ಲಿ ಗೆದ್ದ ವಿಧಾನವು ಚರ್ಮದಲ್ಲಿ ಸೋಲುವುದು ಸಾಮಾನ್ಯ ಸಂಗತಿ. ಹೊಟ್ಟೆಯೊಳಗೆ ಹೆಚ್ಚುವರಿ ಹೃದಯವನ್ನು ಜೋಡಿಸಿ ಅದರ ಬಡಿತವನ್ನು ಬೆರಳಿನಿಂದ ಮುಟ್ಟಿ ಗುರುತಿಸುವ ವಿಧಾನ ರ‍್ಯಾಟ್‌ಗಳಲ್ಲಿ 1969ರಿಂದಲೂ ಇಲಿಗಳಲ್ಲಿ 1973ರಿಂದಲೂ ಬಳಕೆಯಲ್ಲಿದೆ. ಅದಕ್ಕೆ ಸೂಕ್ಷ್ಮದರ್ಶಕದಡಿ ರಕ್ತನಾಳ ಹೊಲಿಯುವ ತರಬೇತಿ ತಿಂಗಳುಗಟ್ಟಲೆ ಬೇಕು. ಚರ್ಮದ ಕಸಿಯನ್ನಾದರೋ ಕೆಲವು ವಾರಗಳಲ್ಲಿ ಕಲಿಯಬಹುದು. ಹೀಗೆ ಕಲಿಯಲು ಸುಲಭವಾದ ಕಸಿಯೇ ಗೆಲ್ಲಲು ಅತಿ ಕಠಿಣವಾದದ್ದು ಎಂಬುದನ್ನು ಹೊಸಬರು ಮೊದಲೇ ಅರಿತಿರಬೇಕು.

ಮೂರನೆಯದು ತಳಿಗಳ ಅಂತರ. ಅಂಗಾಂಶ ತನ್ನದೋ ಪರಕೀಯವೋ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವ ಜೀನ್‌ಗಳ ಗುಂಪಾದ ಪ್ರಧಾನ ಅಂಗಾಂಶ ಹೊಂದಾಣಿಕೆ ಸಂಕೀರ್ಣವನ್ನು ಇಲಿಯಲ್ಲಿ ಎಚ್-2 ಎನ್ನುತ್ತಾರೆ. ಬಾಲ್ಬ್-ಸಿ ತಳಿಯದು ಎಚ್-2ಡಿ, ಸಿ57 ಬ್ಲ್ಯಾಕ್ 6 ತಳಿಯದು ಎಚ್-2ಬಿ, ಸಿಬಿಎ ಮತ್ತು ಸಿ3ಎಚ್ ತಳಿಗಳದು ಎಚ್-2ಕೆ. ಬಾಲ್ಬ್-ಸಿ ಚರ್ಮವನ್ನು ಬ್ಲ್ಯಾಕ್ 6 ಇಲಿಯ ಮೈಮೇಲೆ ಹಾಕಿದರೆ ಚಿಕಿತ್ಸೆಯಿಲ್ಲದೆ ಸುಮಾರು ಹತ್ತು ದಿನಗಳಲ್ಲಿ ಅದು ಕಪ್ಪಾಗಿ ಒಣಗಿ ಉದುರುತ್ತದೆ. ಎಚ್-2 ಒಂದೇ ಆಗಿದ್ದು ಕಿರು ಪ್ರತಿಜನಕಗಳು (ಪ್ರತಿರಕ್ಷೆ ಗುರುತಿಸುವ, ಎಚ್-2 ಅಲ್ಲದ ಅಣುಗಳು) ಮಾತ್ರ ಬೇರೆಯಾಗಿರುವ ಜೋಡಿಗಳಲ್ಲಿ, ಉದಾಹರಣೆಗೆ ಎಕೆಆರ್ ದಾನಿ ಮತ್ತು ಸಿ3ಎಚ್ ಗ್ರಾಹಿ, ಅಥವಾ ಒಂದೇ ತಳಿಯ ಗಂಡಿನ ಚರ್ಮವನ್ನು ಹೆಣ್ಣಿಗೆ ಹಾಕುವಲ್ಲಿ, ಸಹಿಷ್ಣುತೆ ಹೆಚ್ಚು ಸುಲಭವಾಗಿ ಸಿಗುತ್ತದೆ. ಬ್ಲ್ಯಾಕ್ 6 ಗ್ರಾಹಿಯಾಗಿ ಬಹು ಹಟಮಾರಿ ತಳಿ. ಸಿ3ಎಚ್‌ನಲ್ಲಿ ಫಲಿಸಿದ ಪ್ರತಿಕಾಯ ಚಿಕಿತ್ಸೆ ಇಲ್ಲಿ ಫಲಿಸದಿರುವುದಕ್ಕೆ ಅದರ ಸಿಡಿ8 ಕೋಶಗಳ (ಸಿಡಿ8 ಎಂಬ ಮೇಲ್ಮೈ ಅಣುವನ್ನು ಹೊತ್ತ ಟಿ ಕೋಶಗಳ) ಒಂದು ಗುಂಪು ಕಾರಣವೆಂದು ತೋರಿಸಲಾಗಿದೆ. ಜೀನ್ ತೆಗೆದ ಇಲಿಗಳು ಹೆಚ್ಚಾಗಿ ಇದೇ ಹಿನ್ನೆಲೆಯಲ್ಲಿ ದೊರೆಯುವುದರಿಂದ ಈ ತಳಿಯನ್ನು ಬಿಡುವುದೂ ಸುಲಭವಲ್ಲ.

ಉಳಿದವುಗಳನ್ನು ಚಿಕ್ಕದಾಗಿ ಹೇಳಬಹುದು: ಪ್ರಾಣಿಗೆ ಆಗುವ ಹಾನಿ ಎಷ್ಟು, ಉಪಕರಣ ಮತ್ತು ಪ್ರತಿಕಾಯದ ವೆಚ್ಚ ಎಷ್ಟು, ಉತ್ತರ ಸಿಗಲು ಎಷ್ಟು ತಿಂಗಳು ಕಾಯಬೇಕು, ಮತ್ತು ಸಹಿಷ್ಣುತೆ ಯಾವ ಬಗೆಯದು. ಕೊನೆಯದನ್ನು ಮಾತ್ರ ತುಸು ಬಿಡಿಸಬೇಕು. ದಾನಿಯನ್ನು ಗುರುತಿಸುವ ಟಿ ಕೋಶಗಳು ತಾವು ಬಲಿಯುವ ಥೈಮಸ್ ಗ್ರಂಥಿಯಲ್ಲೇ ಅಳಿದುಹೋಗಿರಬಹುದು, ಅಥವಾ ಅವು ದೇಹದಲ್ಲಿ ಉಳಿದೂ ನಿಯಂತ್ರಕ ಟಿ ಕೋಶಗಳ ಹಿಡಿತದಲ್ಲಿ ಇರಬಹುದು. ಇವೆರಡನ್ನು ಬೇರ್ಪಡಿಸುವ ಪ್ರಯೋಗವೊಂದಿದೆ. ಸಹಿಷ್ಣು ಇಲಿಗೆ ಅದೇ ತಳಿಯ ಸಾಮಾನ್ಯ ಇಲಿಯ ಲಿಂಫೋಸೈಟುಗಳನ್ನು ಚುಚ್ಚಿ. ಅಳಿವಿನಿಂದ ಬಂದ ಸಹಿಷ್ಣುತೆಯಾದರೆ ಹೊಸ ಕೋಶಗಳು ಕಸಿಯನ್ನು ಕೆಡವುತ್ತವೆ. ನಿಯಂತ್ರಣದಿಂದ ಬಂದದ್ದಾದರೆ ಕಸಿ ಉಳಿಯುತ್ತದೆ. ಯಾವ ವಿಧಾನವನ್ನು ಆರಿಸಿದರೂ ಈ ಒಂದು ಪ್ರಯೋಗಕ್ಕೆ ಇಲಿಗಳನ್ನು ಮೊದಲೇ ತೆಗೆದಿರಿಸಿ.

ನವಜಾತ ಮರಿಗಳಲ್ಲಿ

ಈ ದಾರಿಯ ಮೂಲ ಹಸುವಿನ ಕೊಟ್ಟಿಗೆಯಲ್ಲಿದೆ. ಗರ್ಭದಲ್ಲಿ ರಕ್ತನಾಳಗಳು ಕೂಡಿಕೊಂಡ ಅವಳಿ ಕರುಗಳು, ಒಂದೇ ಅಂಡದಿಂದ ಬಂದವಲ್ಲದಿದ್ದರೂ, ಒಂದರ ಕೆಂಪು ರಕ್ತಕಣಗಳನ್ನು ಇನ್ನೊಂದು ಜೀವಮಾನವಿಡೀ ಹೊತ್ತಿರುತ್ತವೆ ಎಂದು ಅಮೆರಿಕದ ರೇ ಓವೆನ್ 1945ರಲ್ಲಿ ವರದಿ ಮಾಡಿದರು. ಅದನ್ನು ಆಧರಿಸಿ, ಬೆಳವಣಿಗೆಯ ಹಂತದಲ್ಲಿ ಎದುರಾದದ್ದನ್ನು ದೇಹ ತನ್ನದೆಂದು ಕಲಿಯುತ್ತದೆ ಎಂದು ಆಸ್ಟ್ರೇಲಿಯದ ಬರ್ನೆಟ್ ಮತ್ತು ಫೆನ್ನರ್ 1949ರಲ್ಲಿ ಊಹಿಸಿದರು. 1953ರಲ್ಲಿ ಲಂಡನ್‌ನ ಬಿಲ್ಲಿಂಗ್‌ಹ್ಯಾಮ್, ಬ್ರೆಂಟ್ ಮತ್ತು ಮೆಡವಾರ್ ಸಿಬಿಎ ತಳಿಯ ಭ್ರೂಣಗಳಿಗೆ ಎ ತಳಿಯ ಜೀವಂತ ಕೋಶಗಳನ್ನು ಚುಚ್ಚಿ, ಹುಟ್ಟಿ ಸುಮಾರು ಎಂಟು ವಾರಗಳಾದ ಮೇಲೆ ಎ ತಳಿಯ ಚರ್ಮವನ್ನು ಹಾಕಿದಾಗ ಕೆಲವು ಇಲಿಗಳು ಅದನ್ನು ಉಳಿಸಿಕೊಂಡವು. ಎ ತಳಿಯ ವಿರುದ್ಧ ಸಿದ್ಧಗೊಂಡಿದ್ದ ಸಿಬಿಎ ಇಲಿಗಳ ದುಗ್ಧಗ್ರಂಥಿಯ ಕೋಶಗಳನ್ನು ಆ ಇಲಿಗಳಿಗೆ ಕೊಟ್ಟ ಕೂಡಲೇ ಬಹುಕಾಲ ಉಳಿದಿದ್ದ ಚರ್ಮ ನಾಶವಾಯಿತು. ಬದಲಾಗಿದ್ದದ್ದು ಕಸಿಯಲ್ಲ, ಗ್ರಾಹಿ ಎಂಬುದು ಅದರಿಂದ ಸ್ಥಿರಪಟ್ಟಿತು. ಅದೇ ವರ್ಷ ಪ್ರಾಗ್‌ನಲ್ಲಿ ಮಿಲನ್ ಹಾಶೆಕ್ ಕೋಳಿ ಭ್ರೂಣಗಳ ರಕ್ತನಾಳಗಳನ್ನು ಕೂಡಿಸಿ ಇದೇ ತತ್ತ್ವವನ್ನು ಬೇರೊಂದು ದಾರಿಯಿಂದ ತಲುಪಿದ್ದರು. ಬರ್ನೆಟ್ ಮತ್ತು ಮೆಡವಾರ್ 1960ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು.

ಇಂದು ಈ ವಿಧಾನವನ್ನು ಮಾಡುವವರು ಭ್ರೂಣದ ಬದಲು ಹುಟ್ಟಿದ 24 ಗಂಟೆಗಳೊಳಗಿನ ಮರಿಗಳನ್ನು ಬಳಸುತ್ತಾರೆ. ದಾನಿಯ ಗುಲ್ಮದ ಅಥವಾ ಅಸ್ಥಿಮಜ್ಜೆಯ ಕೋಶಗಳನ್ನು ಮುಖದ ಪಕ್ಕದ ರಕ್ತನಾಳದ ಮೂಲಕ ಕೊಡುತ್ತಾರೆ. ವೆಚ್ಚ ಅತಿ ಕಡಿಮೆ. ವಿಕಿರಣವೂ ಬೇಡ, ಪ್ರತಿಕಾಯವೂ ಬೇಡ. ಆದರೆ ತೊಡಕುಗಳು ಎರಡು. ಶುದ್ಧ ತಳಿಯ ವಯಸ್ಕ ದಾನಿಯ ಕೋಶಗಳನ್ನು ಕೊಟ್ಟರೆ ಅವೇ ಮರಿಯ ಮೇಲೆ ಎರಗಿ, ಮರಿ ಬೆಳೆಯದೆ ಕುಗ್ಗಿ ಸಾಯುವ ರೋಗ ಬರುತ್ತದೆ. ಅದನ್ನು ತಪ್ಪಿಸಲು ಎರಡೂ ತಳಿಗಳ ಮೊದಲ ಪೀಳಿಗೆಯ ಮಿಶ್ರ ಸಂತಾನವನ್ನು ದಾನಿಯಾಗಿ ಬಳಸುತ್ತಾರೆ. ಆಗಲೂ ಕೆಲವು ತಳಿ ಜೋಡಿಗಳಲ್ಲಿ ಲೂಪಸ್‌ನಂಥ ಸ್ವಯಂಪ್ರತಿರಕ್ಷಾ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಇನ್ನೊಂದು ತೊಡಕು ತಾತ್ತ್ವಿಕವಾದದ್ದು. ನವಜಾತ ಇಲಿ ಸಹಿಷ್ಣುತೆಯತ್ತ ತಾನಾಗಿಯೇ ವಾಲುತ್ತದೆ ಎಂಬ ನಂಬಿಕೆಯನ್ನು 1996ರಲ್ಲಿ ರಿಜ್, ಫುಕ್ಸ್ ಮತ್ತು ಮ್ಯಾಟ್ಸಿಂಗರ್ ಪ್ರಶ್ನಿಸಿದರು: ಪ್ರತಿಜನಕವನ್ನು ಚೆನ್ನಾಗಿ ತೋರಿಸಬಲ್ಲ ಡೆಂಡ್ರೈಟಿಕ್ ಕೋಶಗಳ ಮೂಲಕ ಗಂಡು ಪ್ರತಿಜನಕವನ್ನು ಕೊಟ್ಟರೆ ನವಜಾತ ಹೆಣ್ಣುಮರಿಯೂ ಪ್ರತಿರಕ್ಷೆಯನ್ನೇ ಬೆಳೆಸಿಕೊಳ್ಳುತ್ತದೆ. ಅಂದರೆ ಫಲಿತಾಂಶವು ಮರಿಯ ವಯಸ್ಸಿನ ಜೊತೆಗೆ ಕೋಶದ ಬಗೆ ಮತ್ತು ಪ್ರಮಾಣಗಳನ್ನೂ ಅವಲಂಬಿಸಿದೆ. ಬೆಳವಣಿಗೆಯ ಹಂತದಲ್ಲಿ ‘ತನ್ನದು’ ಎಂಬುದು ಹೇಗೆ ರೂಪುಗೊಳ್ಳುತ್ತದೆ ಎಂಬುದೇ ನಿಮ್ಮ ಪ್ರಶ್ನೆಯಾಗಿದ್ದರೆ ಇದನ್ನು ಆರಿಸಿ. ವಯಸ್ಕ ರೋಗಿಗೆ ಎಂದಾದರೂ ಉಪಯೋಗವಾಗುವ ಚಿಕಿತ್ಸೆ ನಿಮ್ಮ ಮನಸ್ಸಿನಲ್ಲಿದ್ದರೆ ಇದನ್ನು ಬಿಡಿ.

ಮಿಶ್ರ ಕೈಮೆರಿಸಂ

ಒಂದೇ ದೇಹದಲ್ಲಿ ದಾನಿಯ ಮತ್ತು ಗ್ರಾಹಿಯ ರಕ್ತಕೋಶಗಳು ಜೊತೆಯಾಗಿ ಬಾಳುವ ಸ್ಥಿತಿ ಇದು. ಮಾರಕ ಪ್ರಮಾಣದ ವಿಕಿರಣ ಕೊಟ್ಟು ಬೇರೆ ತಳಿಯ ಅಸ್ಥಿಮಜ್ಜೆಯಿಂದ ಬದುಕಿಸಿದ ಇಲಿಗಳು ಆ ತಳಿಯ ಚರ್ಮವನ್ನು ಒಪ್ಪುತ್ತವೆ ಎಂದು ಮೇನ್ ಮತ್ತು ಪ್ರೆನ್ 1955ರಲ್ಲೇ ತೋರಿಸಿದ್ದರು. ಆದರೆ ಪೂರ್ತಿಯಾಗಿ ದಾನಿಯ ರಕ್ತವೇ ತುಂಬಿದ ಇಲಿಯ ಪ್ರತಿರಕ್ಷೆ ದುರ್ಬಲವಾಗಿರುತ್ತದೆ. ಥೈಮಸ್‌ನ ಒಳಪದರ ಗ್ರಾಹಿಯದು, ಪ್ರತಿಜನಕ ತೋರಿಸುವ ಕೋಶಗಳು ದಾನಿಯವು, ಒಂದರಲ್ಲಿ ಪಾಠ ಕಲಿತ ಟಿ ಕೋಶ ಇನ್ನೊಂದರೊಡನೆ ಸರಿಯಾಗಿ ಮಾತನಾಡಲಾರದು. 1984ರಲ್ಲಿ ಇಲ್ಡ್‌ಸ್ಟಾಡ್ ಮತ್ತು ಸ್ಯಾಕ್ಸ್ ಗ್ರಾಹಿಯ ತಳಿಯ ಮಜ್ಜೆ ಮತ್ತು ದಾನಿಯ ಮಜ್ಜೆ, ಎರಡರಿಂದಲೂ ಟಿ ಕೋಶಗಳನ್ನು ತೆಗೆದು ಬೆರೆಸಿ ಕೊಟ್ಟು ಈ ದೋಷವನ್ನು ನಿವಾರಿಸಿದರು. 1989ರಲ್ಲಿ ಶರಾಬಿ ಮತ್ತು ಸ್ಯಾಕ್ಸ್ ಮಾರಕ ವಿಕಿರಣವನ್ನೇ ಕೈಬಿಟ್ಟರು: ಸಿಡಿ4 ಮತ್ತು ಸಿಡಿ8 ಕೋಶಗಳನ್ನು ತೆಗೆಯುವ ಪ್ರತಿಕಾಯಗಳು, ಇಡೀ ದೇಹಕ್ಕೆ 3 ಗ್ರೇ (ವಿಕಿರಣದ ಪ್ರಮಾಣದ ಏಕಮಾನ), ಥೈಮಸ್‌ಗೆ ಮಾತ್ರ 7 ಗ್ರೇ, ಬಳಿಕ ದಾನಿಯ ಮಜ್ಜೆ. ಥೈಮಸ್ ವಿಕಿರಣದ ಜಾಗದಲ್ಲಿ ಸಹಪ್ರಚೋದನೆಯನ್ನು (ಟಿ ಕೋಶ ಎಚ್ಚರಗೊಳ್ಳಲು ಬೇಕಾದ ಎರಡನೆಯ ಸಂಕೇತ) ತಡೆಯುವ ಪ್ರತಿಕಾಯ ಸಾಕೆಂದು ಮೆಗನ್ ಸೈಕ್ಸ್ ಅವರ ಗುಂಪು 1998ರಲ್ಲಿ ಕಂಡುಕೊಂಡಿತು. 2000ದಲ್ಲಿ ಅದೇ ಗುಂಪು ಮಜ್ಜೆಯ ಪ್ರಮಾಣವನ್ನು 20 ಕೋಟಿ ಕೋಶಗಳಿಗೆ ಏರಿಸಿ ವಿಕಿರಣವೇ ಇಲ್ಲದೆ ಕೈಮೆರಿಸಂ ಸಾಧಿಸಿತು.

ನನ್ನ ದೃಷ್ಟಿಯಲ್ಲಿ ಬಲದ ಲೆಕ್ಕದಲ್ಲಿ ಇದಕ್ಕೆ ಸಾಟಿಯಾದ ವಿಧಾನವಿಲ್ಲ. ಎಚ್-2 ಪೂರ್ತಿ ಬೇರೆಯಾದ ಜೋಡಿಯಲ್ಲಿ, ಅತಿ ಕಠಿಣವಾದ ಚರ್ಮದ ಕಸಿಯೂ ಉಳಿಯುತ್ತದೆ. ಯಾವ ಇಲಿಯಲ್ಲಿ ಫಲಿಸಿದೆ ಎಂಬುದನ್ನು ಕಸಿಗೂ ಮೊದಲೇ, ಬಾಲದ ರಕ್ತದ ಒಂದೆರಡು ಹನಿಯನ್ನು, ಕೋಶಗಳನ್ನು ಬಗೆಯರಿತು ಎಣಿಸುವ ಫ್ಲೋ ಸೈಟೋಮೆಟ್ರಿ ಯಂತ್ರದಲ್ಲಿ ನೋಡಿ ತಿಳಿಯಬಹುದು. ಯಾಂತ್ರಿಕತೆಯೂ ಸ್ಪಷ್ಟ: ಬಾಲ್ಬ್-ಸಿಯಲ್ಲಿ ಇರುವ, ಎಚ್-2 ಸಂಕೀರ್ಣದ ಐ-ಇ ಅಣು ಬ್ಲ್ಯಾಕ್ 6ರಲ್ಲಿ ಇಲ್ಲ; ಬಾಲ್ಬ್-ಸಿ ಮಜ್ಜೆ ಬ್ಲ್ಯಾಕ್ 6 ಇಲಿಯ ಥೈಮಸ್‌ನಲ್ಲಿ ನೆಲೆಗೊಂಡರೆ ಐ-ಇ ಇರುವಲ್ಲಿ ಅಳಿಯುವ, ವಿ-ಬೀಟಾ 5 ಮತ್ತು 11 ಗ್ರಾಹಕಗಳನ್ನು ಹೊತ್ತ ಟಿ ಕೋಶಗಳು ರಕ್ತದಲ್ಲಿ ಕಡಿಮೆಯಾಗುತ್ತವೆ, ಅಳಿವನ್ನು ಎಣಿಸಿಯೇ ತೋರಿಸಬಹುದು. ಹಾಗೆಯೇ ದಾನಿಯ ಕೋಶಗಳನ್ನು ಪ್ರತಿಕಾಯದಿಂದ ಪೂರ್ತಿ ತೆಗೆದರೆ, ಥೈಮಸ್ ಇರುವ ಇಲಿಯಲ್ಲಿ ಸಹಿಷ್ಣುತೆ ಕಾಲಕ್ರಮೇಣ ಕಳೆದುಹೋಗುತ್ತದೆ. ಆದ್ದರಿಂದ ಇದು ನಿತ್ಯವೂ ನವೀಕರಣಗೊಳ್ಳುತ್ತಿರುವ ಸ್ಥಿತಿ.

ಬೆಲೆ ತೆರಬೇಕಾದದ್ದು ಬೇರೆ ಕಡೆ. ವಿಕಿರಣ ಯಂತ್ರವಿಲ್ಲದ ಸಂಸ್ಥೆಯಲ್ಲಿ ವಿಕಿರಣದ ಆವೃತ್ತಿ ಸಾಧ್ಯವಿಲ್ಲ. ಇರುವಲ್ಲಿಯೂ ಭಾರತದಲ್ಲಿ ಅದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಡಿ ನಡೆಯಬೇಕು. ವಿಕಿರಣವಿಲ್ಲದ ಆವೃತ್ತಿಯಲ್ಲಿ ಒಂದು ಗ್ರಾಹಿಗೆ ಹಲವು ದಾನಿ ಇಲಿಗಳ ಮಜ್ಜೆ ಬೇಕಾಗುತ್ತದೆ, ಏಕೆಂದರೆ ಒಂದು ಇಲಿಯ ತೊಡೆ ಮತ್ತು ಮೊಣಕಾಲ ಕೆಳಗಿನ ಮೂಳೆಗಳಿಂದ ಸಿಗುವುದು ಕೆಲವೇ ಕೋಟಿ ಕೋಶಗಳು. ವಿಕಿರಣ ಉಳಿಸಿದೆವೆಂದು ಸಂತೋಷಪಡುವಾಗ, ಅದಕ್ಕಾಗಿ ಬಲಿಯಾದ ದಾನಿಗಳನ್ನು ಲೆಕ್ಕದಿಂದ ಬಿಡಬಾರದು. ಮಜ್ಜೆ ನೆಲೆಗೊಳ್ಳಲು ವಾರಗಳು, ಕಸಿಯ ಮೇಲೆ 100 ದಿನ, ನಂತರ ಎರಡನೆಯ ಕಸಿ. ಒಂದು ಸುತ್ತಿಗೆ ಆರು ತಿಂಗಳಿಗಿಂತ ಹೆಚ್ಚು ಹಿಡಿಯುತ್ತದೆ. ಮನುಷ್ಯರತ್ತ ಮುಖ ಮಾಡಿದ ಕೆಲಸಕ್ಕೆ ಈ ದಾರಿಯೇ ಹೆಚ್ಚು ಹತ್ತಿರ. ಬಾಸ್ಟನ್‌ನ ಗುಂಪು ಮಂಗಗಳಲ್ಲಿ ಮೂತ್ರಪಿಂಡದೊಂದಿಗೆ ಮಜ್ಜೆಯನ್ನೂ ಕೊಟ್ಟಾಗ ಕೈಮೆರಿಸಂ ಕೆಲವೇ ವಾರ ಉಳಿದರೂ ಮೂತ್ರಪಿಂಡ ವರ್ಷಗಟ್ಟಲೆ ಉಳಿಯಿತು. 2008ರಲ್ಲಿ ಅದೇ ತತ್ತ್ವದಿಂದ ರೋಗಿಗಳು ಔಷಧ ನಿಲ್ಲಿಸಿದ ವರದಿಯೂ ಬಂತು. ಇಲಿಯಲ್ಲಿ ಶಾಶ್ವತ ಕೈಮೆರಿಸಂ, ಮಂಗನಲ್ಲಿ ತಾತ್ಕಾಲಿಕ. ಈ ವ್ಯತ್ಯಾಸವನ್ನು ಇಲಿಯ ಫಲಿತಾಂಶ ಬರೆಯುವಾಗ ಮರೆಯಬಾರದು.

ದಾನಿಯ ಕೋಶ ಮತ್ತು ಸಹಪ್ರಚೋದನೆಯ ತಡೆ

ಟಿ ಕೋಶ ಎಚ್ಚರಗೊಳ್ಳಲು ಪ್ರತಿಜನಕದ ಗುರುತಿನ ಜೊತೆಗೆ ಎರಡನೆಯ ಸಂಕೇತವೂ ಬೇಕು; ಆ ಸಂಕೇತವನ್ನು ತಡೆದು ಪ್ರತಿಜನಕವನ್ನು ಮಾತ್ರ ತೋರಿಸಿದರೆ ಕೋಶ ನಿಷ್ಕ್ರಿಯವಾಗುತ್ತದೆ ಅಥವಾ ಅಳಿಯುತ್ತದೆ. 1995ರಲ್ಲಿ ಪಾರ್ಕರ್ ಮತ್ತು ಸಂಗಡಿಗರು ದಾನಿಯ ಲಿಂಫೋಸೈಟುಗಳೊಂದಿಗೆ ಆ ಸಂಕೇತದಲ್ಲಿ ಪಾಲ್ಗೊಳ್ಳುವ ಸಿಡಿ154 ಅಣುವಿನ ವಿರುದ್ಧದ ಪ್ರತಿಕಾಯ ಕೊಟ್ಟು ಇನ್ಸುಲಿನ್ ತಯಾರಿಸುವ ಕೋಶದ್ವೀಪಗಳನ್ನು ಉಳಿಸಿದರು. 1996ರಲ್ಲಿ ಲಾರ್ಸೆನ್ ಮತ್ತು ಸಂಗಡಿಗರು ಸಿಡಿ154 ಮತ್ತು ಸಿಡಿ28 ಎರಡೂ ದಾರಿಗಳನ್ನು ಒಟ್ಟಿಗೆ ತಡೆದಾಗ ಚರ್ಮವೂ ದೀರ್ಘಕಾಲ ಉಳಿಯಿತು. ಬಳಕೆಯಲ್ಲಿರುವ ಒಂದು ಕ್ರಮ ಹೀಗಿದೆ: ಕಸಿಗೆ ಏಳು ದಿನ ಮೊದಲು ದಾನಿಯ 1 ಕೋಟಿ ಗುಲ್ಮಕೋಶಗಳು, ಸಿಡಿ154ರ ವಿರುದ್ಧದ ಎಂಆರ್1 ಪ್ರತಿಕಾಯ 0.5 ಮಿಲಿಗ್ರಾಂನಂತೆ, ಕಸಿಗೆ ಏಳು ದಿನ ಮೊದಲು, ನಾಲ್ಕು ದಿನ ಮೊದಲು, ಕಸಿಯ ದಿನ ಮತ್ತು ನಾಲ್ಕು ದಿನಗಳ ನಂತರ. ಇಷ್ಟೇ. ವಿಕಿರಣವಿಲ್ಲ, ಟಿ ಕೋಶಗಳ ಸಾಮೂಹಿಕ ನಾಶವಿಲ್ಲ, ಇಲಿ ಬಳಲುವುದೂ ಕಡಿಮೆ.

ಆದರೆ ಚರ್ಮದಲ್ಲಿ ಈ ಸಹಿಷ್ಣುತೆ ಅಷ್ಟು ಗಟ್ಟಿಯಲ್ಲ. ಥೈಮಸ್ ತೆಗೆದ ಇಲಿಗಳಲ್ಲಿ ಕಸಿ ಬಹುಕಾಲ ಉಳಿದರೆ, ಥೈಮಸ್ ಇರುವ ಇಲಿಗಳಲ್ಲಿ ಹೊಸದಾಗಿ ಹೊರಬರುವ ಟಿ ಕೋಶಗಳು ಕಾಲಾನಂತರ ಅದನ್ನು ಕೆಡವುತ್ತವೆ. ಪ್ರತಿಕಾಯ ಕೊಡುವ ಹೊತ್ತಿಗೆ ವೈರಸ್ ಸೋಂಕು ತಗುಲಿದರೆ ಇಡೀ ಪ್ರಯತ್ನ ವ್ಯರ್ಥವಾಗಬಹುದು, ಹಾಗಾಗಿ ನಿಗದಿತ ರೋಗಾಣುಗಳಿಲ್ಲದ ಸ್ವಚ್ಛ ಪ್ರಾಣಿಗೃಹ ಇಲ್ಲದವರು ಇದನ್ನು ಆರಿಸಬಾರದು. ಇದೇ ಕಾರಣಕ್ಕೆ, ಹಿಂದಿನ ಸೋಂಕುಗಳ ನೆನಪಿನ ಕೋಶಗಳನ್ನು ಹೊತ್ತ ದೊಡ್ಡ ಪ್ರಾಣಿಗಳಲ್ಲಿ ಇದರ ಫಲ ಇಲಿಯಷ್ಟು ಸರಳವಾಗಿ ಸಿಗುವುದಿಲ್ಲ. ಇನ್ನೊಂದು ಎಚ್ಚರಿಕೆ: ಸುರಕ್ಷತೆಗೆಂದು, ಪ್ರತಿರಕ್ಷೆಯನ್ನು ತಗ್ಗಿಸುವ ಸೈಕ್ಲೋಸ್ಪೊರಿನ್ ಔಷಧವನ್ನು ಸೇರಿಸುವ ಆಸೆ ಹಲವರಿಗೆ ಬರುತ್ತದೆ. ಪ್ರಚೋದಿತ ಟಿ ಕೋಶಗಳು ತಾವಾಗಿ ಸಾಯುವ ಪ್ರಕ್ರಿಯೆಯನ್ನೇ ಅದು ತಡೆಯುವುದರಿಂದ ಸಹಿಷ್ಣುತೆ ಕೆಡುತ್ತದೆ. ರಾಪಾಮೈಸಿನ್ ಹಾಗೆ ಮಾಡುವುದಿಲ್ಲ ಎಂದು 1999ರಲ್ಲಿ ತೋರಿಸಲಾಯಿತು. ಮಂಗಗಳ ಮೂತ್ರಪಿಂಡ ಕಸಿಯಲ್ಲಿ ಸಿಡಿ154 ಪ್ರತಿಕಾಯ 1999ರಲ್ಲಿ ದೊಡ್ಡ ಭರವಸೆ ಮೂಡಿಸಿದರೂ, ಮರುವರ್ಷವೇ ರಕ್ತ ಹೆಪ್ಪುಗಟ್ಟುವ ತೊಂದರೆ ವರದಿಯಾಗಿ ಆ ಮೊದಲ ಪ್ರತಿಕಾಯಗಳ ಹಾದಿ ನಿಂತಿತು. ಇಲಿಯ ಪ್ರಯೋಗ ಈ ಅಪಾಯವನ್ನು ಮುಂಚಿತವಾಗಿ ತೋರಿಸಿರಲಿಲ್ಲ. ಸಿಡಿ28ರ ದಾರಿಯನ್ನು ತಡೆಯುವ ಬೆಲಟಾಸೆಪ್ಟ್ 2011ರಲ್ಲಿ ಮೂತ್ರಪಿಂಡ ಕಸಿಗೆ ಅನುಮತಿ ಪಡೆಯಿತಾದರೂ, ಅದನ್ನು ಸಹಿಷ್ಣುತೆಗಾಗಿ ಅಲ್ಲ, ನಿರಂತರ ಔಷಧವಾಗಿಯೇ ಕೊಡುತ್ತಾರೆ.

ವೆಚ್ಚದ ವಿಷಯದಲ್ಲಿ ಒಂದು ಸಲಹೆ. ಪ್ರತಿಕಾಯವನ್ನು ಸಿದ್ಧರೂಪದಲ್ಲಿ ಕೊಂಡರೆ ಇಪ್ಪತ್ತು ಇಲಿಗಳ ಒಂದು ಪ್ರಯೋಗಕ್ಕೇ 40 ಮಿಲಿಗ್ರಾಂ ಬೇಕು, ಅದು ಚಿಕ್ಕ ಅನುದಾನಕ್ಕೆ ಭಾರ. ಪ್ರತಿಕಾಯವನ್ನು ತಯಾರಿಸುವ ಹೈಬ್ರಿಡೋಮಾ ಕೋಶಗಳನ್ನು ಬೆಳೆಸಿ ಅದನ್ನು ಶುದ್ಧೀಕರಿಸಬಲ್ಲ ಸಹೋದ್ಯೋಗಿ ಇದ್ದರೆ ಲೆಕ್ಕವೇ ಬದಲಾಗುತ್ತದೆ. ತಾವೇ ತಯಾರಿಸಿದ ಪ್ರತಿಕಾಯದಲ್ಲಿ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಇಲ್ಲವೆಂದು ಮಾತ್ರ ಖಚಿತಪಡಿಸಿಕೊಳ್ಳಿ. ಅದು ಉರಿಯೂತ ಹುಟ್ಟಿಸಿ ಸಹಿಷ್ಣುತೆಗೆ ನೇರ ವಿರುದ್ಧವಾಗಿ ಕೆಲಸ ಮಾಡುತ್ತದೆ.

ಕೋಶಗಳನ್ನು ಕೊಲ್ಲದ ಸಿಡಿ4, ಸಿಡಿ8 ಪ್ರತಿಕಾಯಗಳು

ನಿಯಂತ್ರಕ ಕೋಶಗಳೇ ನಿಮ್ಮ ಆಸಕ್ತಿಯಾದರೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ಹರ್ಮನ್ ವಾಲ್ಡ್‌ಮನ್ ಅವರ ಗುಂಪು ಟಿ ಕೋಶಗಳನ್ನು ಕೊಲ್ಲದೆ ಅವುಗಳ ಮೇಲ್ಮೈ ಅಣುಗಳನ್ನು ಮಾತ್ರ ಕೆಲವು ವಾರ ಮುಚ್ಚಿಟ್ಟು, ಕಿರು ಪ್ರತಿಜನಕಗಳಲ್ಲಿ ಬೇರೆಯಾದ ಚರ್ಮವನ್ನು ಸಿಬಿಎ ಇಲಿಗಳಲ್ಲಿ ಉಳಿಸಿತು. 1993ರಲ್ಲಿ ಅವರು ತೋರಿಸಿದ್ದು ಬೆರಗು ಹುಟ್ಟಿಸುವಂಥದ್ದು: ಸಹಿಷ್ಣು ಇಲಿಗೆ ಸಾಮಾನ್ಯ ಲಿಂಫೋಸೈಟುಗಳನ್ನು ಕೊಟ್ಟರೆ ಅವು ಕಸಿಯನ್ನು ಕೆಡವಲಿಲ್ಲ, ಕೆಲವು ವಾರ ಜೊತೆಗಿದ್ದ ಮೇಲೆ ಆ ಹೊಸ ಕೋಶಗಳೂ ಸಹಿಷ್ಣುವಾದವು. ಹೆಪ್ಪಿನಿಂದ ಹಾಲು ಮೊಸರಾಗುವಂತೆ ಸಹಿಷ್ಣುತೆ ಒಂದು ಪೀಳಿಗೆಯ ಕೋಶಗಳಿಂದ ಮುಂದಿನದಕ್ಕೆ ದಾಟಿತು. ಆಮೇಲೆ ಸಕಾಗುಚಿ 1995ರಲ್ಲಿ ಗುರುತಿಸಿದ ಸಿಡಿ25 ಹೊತ್ತ ಸಿಡಿ4 ಕೋಶಗಳು, 2003ರಲ್ಲಿ ಅವುಗಳ ಗುರುತಾದ ಫಾಕ್ಸ್‌ಪಿ3, ಈ ವಿದ್ಯಮಾನಕ್ಕೆ ಕೋಶರೂಪವನ್ನು ಕೊಟ್ಟವು. ಆ ಕೆಲಸಕ್ಕಾಗಿ ಬ್ರಂಕೊ, ರಾಮ್ಸ್‌ಡೆಲ್ ಮತ್ತು ಸಕಾಗುಚಿ 2025ರ ನೊಬೆಲ್ ಪಡೆದರು.

ಈ ವಿಧಾನದಲ್ಲಿ ನಿರ್ದಿಷ್ಟತೆಯ ಪರೀಕ್ಷೆ ತುಸು ಜಟಿಲ. ಎ ತಳಿಗೆ ಸಹಿಷ್ಣುವಾದ ಇಲಿ ಬಿ ತಳಿಯ ಚರ್ಮವನ್ನು ತಿರಸ್ಕರಿಸುತ್ತದೆ, ಆದರೆ ಎ ಮತ್ತು ಬಿ ಎರಡರ ಪ್ರತಿಜನಕಗಳೂ ಒಂದೇ ಕೋಶದಲ್ಲಿರುವ ಮಿಶ್ರ ಸಂತಾನದ ಚರ್ಮವನ್ನು ಒಪ್ಪಿಕೊಳ್ಳಬಹುದು. ಇದನ್ನು ತಪ್ಪು ಎಂದು ಭಾವಿಸಿ ಪ್ರಯೋಗ ಕೈಬಿಡಬೇಡಿ. ನಿಯಂತ್ರಣವೆಂಬುದಕ್ಕೆ ಅದೇ ಸಾಕ್ಷಿ. ಎಚ್-2 ಪೂರ್ತಿ ಬೇರೆಯಾದ ಚರ್ಮದಲ್ಲಿ ಮಾತ್ರ ಈ ವಿಧಾನದಿಂದ ಹೆಚ್ಚು ನಿರೀಕ್ಷಿಸಬೇಡಿ.

ಇನ್ನು ಮೂರು, ಸಂಕ್ಷೇಪವಾಗಿ

ಸೈಕ್ಲೋಫಾಸ್ಫಮೈಡ್ ವಿಧಾನವು ಅಗ್ಗದಲ್ಲಿ ಅಗ್ಗ. 1980ರ ದಶಕದಲ್ಲಿ ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ಮಯೂಮಿ ಮತ್ತು ಸಂಗಡಿಗರು ಇದನ್ನು ವಿವರವಾಗಿ ಬೆಳೆಸಿದರು: ಮೊದಲ ದಿನ ದಾನಿಯ ಗುಲ್ಮಕೋಶಗಳು, ಎರಡು ದಿನ ಬಿಟ್ಟು ಪ್ರತಿ ಕಿಲೋಗ್ರಾಂ ತೂಕಕ್ಕೆ 200 ಮಿಲಿಗ್ರಾಂನಂತೆ ಔಷಧ. ದಾನಿಯನ್ನು ಕಂಡು ವಿಭಜಿಸತೊಡಗಿದ ಟಿ ಕೋಶಗಳೇ ಔಷಧಕ್ಕೆ ಸಿಕ್ಕಿ ಸಾಯುತ್ತವೆ, ಸುಮ್ಮನಿದ್ದವು ಉಳಿಯುತ್ತವೆ. ನಿರ್ದಿಷ್ಟತೆ ಬರುವುದು ಈ ಸಮಯದ ಲೆಕ್ಕಾಚಾರದಿಂದಲೇ ಎಂಬುದು ನನಗೆ ಇಂದಿಗೂ ಅತ್ಯಂತ ಸೊಗಸಾದ ಕಲ್ಪನೆಯೆನಿಸುತ್ತದೆ. ಎಚ್-2 ಹೊಂದಿದ ಜೋಡಿಗಳಲ್ಲಿ ಚರ್ಮ ಉಳಿಯುತ್ತದೆ. ಹೊಂದದ ಜೋಡಿಗಳಲ್ಲಿ ಕೆಲಕಾಲ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಅರ್ಧ ಹೊಂದಾಣಿಕೆಯ ದಾನಿಯಿಂದ ಅಸ್ಥಿಮಜ್ಜೆ ಪಡೆದ ರೋಗಿಗಳಿಗೆ, ಭಾರತದ ಆಸ್ಪತ್ರೆಗಳಲ್ಲೂ ಸೇರಿ, ಕಸಿಯ ಮೂರ್ನಾಲ್ಕನೆಯ ದಿನ ಇದೇ ಔಷಧವನ್ನು ಕೊಡುವ ಪದ್ಧತಿಯ ಹಿಂದೆ ಈ ಇಲಿಗಳ ಕೆಲಸವಿದೆ.

ರಾಸಾಯನಿಕವಾಗಿ ಬಂಧಿಸಿದ ದಾನಿ ಕೋಶಗಳ ವಿಧಾನದಲ್ಲಿ, ಕಾರ್ಬೊಡೈಇಮೈಡ್‌ನಿಂದ ಸಂಸ್ಕರಿಸಿದ ಗುಲ್ಮಕೋಶಗಳನ್ನು ಕಸಿಗೆ ಏಳು ದಿನ ಮೊದಲು ಮತ್ತು ಒಂದು ದಿನ ನಂತರ ರಕ್ತನಾಳಕ್ಕೆ ಕೊಡುತ್ತಾರೆ. 2008ರಲ್ಲಿ ಲುವೊ, ಮಿಲ್ಲರ್ ಮತ್ತು ಸಂಗಡಿಗರು ಇದರಿಂದ ಬಾಲ್ಬ್-ಸಿ ಕೋಶದ್ವೀಪಗಳನ್ನು ಬ್ಲ್ಯಾಕ್ 6 ಇಲಿಗಳಲ್ಲಿ ಉಳಿಸಿದರು. 2019ರಲ್ಲಿ ಇತರ ಔಷಧಗಳ ಅಲ್ಪಾವಧಿ ನೆರವಿನೊಂದಿಗೆ ಮಂಗಗಳಲ್ಲೂ ಇದು ಫಲಿಸಿತು. ಮಧುಮೇಹದ ಕಡೆಗೆ ಕೆಲಸ ಮಾಡುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ, ಏಕೆಂದರೆ ಉಪಕರಣ ಬೇಡ, ರಾಸಾಯನಿಕ ಅಗ್ಗ, ಪ್ರಾಣಿಗೆ ಹಾನಿ ಕಡಿಮೆ, ಮತ್ತು ಫಲಿತಾಂಶವನ್ನು ಬಾಲದ ಒಂದು ಹನಿ ರಕ್ತದ ಸಕ್ಕರೆಯಿಂದಲೇ ದಿನದಿನವೂ ತಿಳಿಯಬಹುದು. ಸಂಸ್ಕರಣೆಯ ಹದ ಮಾತ್ರ ಕೈಗೆ ಬರಬೇಕು: ಹದ ತಪ್ಪಿದರೆ ಕೋಶಗಳು ಗಂಟುಕಟ್ಟುತ್ತವೆ, ಗಂಟನ್ನು ಹಾಗೆಯೇ ಚುಚ್ಚಿದರೆ ಇಲಿ ಸಾಯುತ್ತದೆ.

ಥೈಮಸ್‌ನೊಳಗೇ ದಾನಿಯ ಅಂಗಾಂಶವನ್ನಿಡುವ ವಿಧಾನವನ್ನು 1990ರಲ್ಲಿ ಪೋಸೆಲ್ಟ್, ನಾಜಿ ಮತ್ತು ಸಂಗಡಿಗರು ರ‍್ಯಾಟ್‌ಗಳಲ್ಲಿ, ಒಮ್ಮೆ ಮಾತ್ರ ಲಿಂಫೋಸೈಟ್ ವಿರೋಧಿ ಸೀರಮ್ ಕೊಟ್ಟು ಸಾಧಿಸಿದರು. ಬಹು ಸುಂದರವಾದ ಪ್ರಯೋಗ. ಆದರೆ ಎದೆ ತೆರೆಯಬೇಕು, ಫಲ ತಳಿಯಿಂದ ತಳಿಗೆ ಬಹಳ ಬದಲಾಗುತ್ತದೆ, ವಯಸ್ಸಾದ ದೊಡ್ಡ ಪ್ರಾಣಿಗಳಲ್ಲಿ ಥೈಮಸ್ ಕುಗ್ಗಿರುತ್ತದೆ. ಥೈಮಸ್ ಕುರಿತೇ ಪ್ರಶ್ನೆ ಇಲ್ಲದಿದ್ದರೆ ಇದನ್ನು ಆರಿಸಲು ಕಾರಣವಿಲ್ಲ.

ನಿಮ್ಮ ಸ್ಥಿತಿಗೆ ಹೊಂದಿಸಿ ನೋಡಿದರೆ

ಆರೇಳು ತಿಂಗಳ ಸ್ನಾತಕೋತ್ತರ ಯೋಜನೆ, ಚಿಕ್ಕ ಅನುದಾನ, ವಿಕಿರಣವಿಲ್ಲ ಎಂದಾದರೆ ಎಚ್-2 ಹೊಂದಿದ ಜೋಡಿಯಲ್ಲಿ ಸೈಕ್ಲೋಫಾಸ್ಫಮೈಡ್ ವಿಧಾನವೇ ಸರಿ. ದಾನಿ ಕೋಶ ಕೊಡದ ಗುಂಪು, ಔಷಧ ಕೊಡದ ಗುಂಪು, ಮೂರನೆಯ ತಳಿಯ ಚರ್ಮ, ಇಷ್ಟರಲ್ಲೇ ಪೂರ್ಣವಾದ ಉತ್ತರ ಸಿಗುತ್ತದೆ. ಮೂರು ನಾಲ್ಕು ವರ್ಷಗಳ ಸಂಶೋಧನೆ, ಫ್ಲೋ ಸೈಟೋಮೆಟ್ರಿಯ ಸೌಲಭ್ಯ, ವಿಕಿರಣಕ್ಕೆ ಅವಕಾಶ ಇವೆಲ್ಲ ಇದ್ದು, ಕಠಿಣ ಜೋಡಿಯಲ್ಲಿ ಗಟ್ಟಿಯಾದ ಸಹಿಷ್ಣುತೆ ಬೇಕಾದರೆ ಮಿಶ್ರ ಕೈಮೆರಿಸಂ. ಜೀನ್ ಬದಲಿಸಿದ ಇಲಿಗಳಲ್ಲಿ ಯಾವ ಅಣು ಏನು ಮಾಡುತ್ತದೆ ಎಂದು ಬಿಡಿಸಿ ನೋಡಬೇಕಾದರೆ ಸಹಪ್ರಚೋದನೆಯ ತಡೆ ಹೆಚ್ಚು ಅನುಕೂಲ, ಆದರೆ ಚರ್ಮದ ಬದಲು ಹೃದಯ ಅಥವಾ ಕೋಶದ್ವೀಪಗಳನ್ನು ಬಳಸಿ, ಇಲ್ಲವೆ ಸೋಲುವ ಸಾಧ್ಯತೆಯನ್ನು ಒಪ್ಪಿಕೊಂಡೇ ಹೊರಡಿ. ಎರಡು ವಿಧಾನಗಳನ್ನು ಕೂಡಿಸಿದರೆ ಬಲ ಹೆಚ್ಚುತ್ತದೆ ನಿಜ. ಮೊದಲ ಪ್ರಯೋಗದಲ್ಲೇ ಕೂಡಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದೆ ಹೋಗುತ್ತದೆ.

ಪ್ರಾಣಿಗಳ ಸಂಖ್ಯೆಯನ್ನೂ ಆಯ್ಕೆಯ ಭಾಗವಾಗಿಯೇ ನೋಡಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಭಾರತದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಮತ್ತು 1998ರ ನಿಯಮಗಳಡಿ ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿಯ ಅನುಮತಿಯಿಲ್ಲದೆ ಈ ಯಾವ ಪ್ರಯೋಗವನ್ನೂ ಆರಂಭಿಸುವಂತಿಲ್ಲ. ಸಮಿತಿ ಕೇಳುವುದಕ್ಕೂ ಮೊದಲೇ, ನೋವು ನಿವಾರಕ ಯಾವುದು, ಯಾವ ಲಕ್ಷಣ ಕಂಡಾಗ ಪ್ರಾಣಿಯನ್ನು ಪ್ರಯೋಗದಿಂದ ಬಿಡಿಸುತ್ತೀರಿ, ತೂಕ ಎಷ್ಟು ಇಳಿದರೆ ನಿಲ್ಲಿಸುತ್ತೀರಿ ಎಂಬುದನ್ನು ಬರೆದಿಡಿ. ಮಜ್ಜೆಗೆಂದು ಕೊಂದ ದಾನಿಯಿಂದಲೇ ಗುಲ್ಮವನ್ನೂ ಚರ್ಮವನ್ನೂ ತೆಗೆದುಕೊಳ್ಳುವಂತೆ ದಿನಗಳನ್ನು ಹೊಂದಿಸಿಕೊಂಡರೆ ದಾನಿಗಳ ಸಂಖ್ಯೆ ಸಾಕಷ್ಟು ಇಳಿಯುತ್ತದೆ.

ವಿಧಾನ ಯಾವುದೇ ಇರಲಿ, ಮೊದಲ ಕಸಿಯನ್ನು ಅದೇ ತಳಿಯ, ಅದೇ ಲಿಂಗದ ಇಲಿಯಿಂದ ಅದೇ ತಳಿಯ ಇಲಿಗೆ ಮಾಡಿ, ಯಾವ ಚಿಕಿತ್ಸೆಯನ್ನೂ ಕೊಡದೆ, ಪಟ್ಟಿ ಬಿಚ್ಚಿ, ಕೂದಲು ಬೆಳೆಯುವವರೆಗೆ ಕಾದು ನೋಡಿ. ಆ ಚರ್ಮ ಬೇಗನೆ ಉದುರಿದರೆ ಕೊರತೆ ಕೈಚಳಕದಲ್ಲಿದೆ. ಚೆನ್ನಾಗಿ ಕೂಡಿಕೊಂಡು ಮೂರು ನಾಲ್ಕು ವಾರಗಳ ಮೇಲೆ ನಿಧಾನವಾಗಿ ಕೆಟ್ಟರೆ ನಿಮ್ಮ ಪ್ರಾಣಿಗೃಹದ ತಳಿ ಶುದ್ಧವಾಗಿ ಉಳಿದಿಲ್ಲ. ಎರಡರಲ್ಲಿ ಯಾವುದಾದರೂ ಅದು ಸರಿಯಾಗುವವರೆಗೆ ಪ್ರತಿಕಾಯದ ಸೀಸೆಯನ್ನು ಶೀತಕದಿಂದ ಹೊರತೆಗೆಯಬೇಡಿ.